ಫಾಲ್ಕನ್ ರೋಬೋಟಿಕ್ಸ್: ಒಂದು ಪ್ರೌಢಶಾಲಾ ತಂಡದ ಇತಿಹಾಸ ಮತ್ತು ಅದರ ಸದಸ್ಯರು ಎದುರಿಸಿದ ಕಾನೂನು ತೊಡಕುಗಳು

ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಅರಿಜೋನಾ ರಾಜ್ಯದ ರಾಜಧಾನಿಯಾದ ಫೀನಿಕ್ಸ್ ನಗರದ ಪಶ್ಚಿಮ ಭಾಗದಲ್ಲಿ ಕಾರ್ಲ್ ಹೇಡನ್ ಸಮುದಾಯ ಪ್ರೌಢಶಾಲೆ ಇರುತ್ತದೆ. ಅರಿಜೋನಾವನ್ನು ದೀರ್ಘಕಾಲ ಸೆನೆಟ್ ಸಭೆಯಲ್ಲಿ ಪ್ರತಿನಿಧಿಸಿದ ಕಾರ್ಲ್ ಹೇಡನ್ ಅವರ ಹೆಸರನ್ನು ಈ ಶಾಲೆಗೆ ಇಡಲಾಗಿದೆ. ಶಾಲೆಯ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಮೆಕ್ಸಿಕೋ ಮೂಲದ ಶ್ರಮಿಕ ಕುಟುಂಬಗಳಿಗೆ ಸೇರಿದವರು. ಇಲ್ಲಿನ ‘ಫಾಲ್ಕನ್ ರೋಬೋಟಿಕ್ಸ್’ ತಂಡವು 2004ರಲ್ಲಿ ಪ್ರಖ್ಯಾತ ತಾಂತ್ರಿಕ ವಿದ್ಯಾಸಂಸ್ಥೆಯೊಂದರ ತಂಡವನ್ನು ಹಿಂದಿಕ್ಕಿ ಪ್ರಥಮ ಸ್ಥಾನ ಪಡೆಯಿತು. ಆದರೆ ಗೆದ್ದ ವಿದ್ಯಾರ್ಥಿಗಳ ಮುಂದಿನ ಶಿಕ್ಷಣವು ಅವರ ಪ್ರತಿಭೆಯ ಮೇಲೆ ಮಾತ್ರ ಅವಲಂಬಿತವಾಗಿರಲಿಲ್ಲ. ದೇಶದಲ್ಲಿ ವಾಸಿಸಲು ಬೇಕಾದ ದಾಖಲೆಗಳು ಅವರಲ್ಲಿ ಹಲವರ ಬಳಿ ಇರಲಿಲ್ಲ. ಸದರಿ ತಂಡದ ಇತಿಹಾಸದ ಈ ಎರಡೂ ಮುಖಗಳನ್ನು ಇಲ್ಲಿ ವಿವರಿಸಲಾಗಿದೆ.

ತಂಡದ ಸ್ಥಾಪನೆ

ವಿದ್ಯಾರ್ಥಿಗಳಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನದ ಬಗ್ಗೆ ಆಸಕ್ತಿ ಮೂಡಿಸುವ ಉದ್ದೇಶದಿಂದ ಸಂಶೋಧಕ ಡೀನ್ ಕಾಮೆನ್ ಅವರು 1989ರಲ್ಲಿ ‘ಫಸ್ಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಇದರ ಮೊದಲ ರೋಬೋಟ್ ಸ್ಪರ್ಧೆಯು 1992ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ 28 ತಂಡಗಳೊಂದಿಗೆ ನಡೆಯಿತು. ಪ್ರತಿ ವರ್ಷ ಜನವರಿಯಲ್ಲಿ ಹೊಸ ಆಟದ ನಿಯಮಗಳನ್ನು ಪ್ರಕಟಿಸಲಾಗುತ್ತದೆ. 2019ರವರೆಗೆ ಸುಮಾರು 6 ವಾರಗಳೊಳಗಾಗಿ ಯಂತ್ರವನ್ನು ಸಿದ್ಧಪಡಿಸಬೇಕಾಗಿತ್ತು. 2020ರಿಂದ ಈ ಕಾಲಮಿತಿಯನ್ನು ಕೈಬಿಡಲಾಯಿತು.

ಕಾರ್ಲ್ ಹೇಡನ್ ಶಾಲೆಯ ತಂಡವು ಸದರಿ ಸ್ಪರ್ಧೆಗೆ 2002ರಲ್ಲಿ ಪ್ರವೇಶಿಸಿತು. ಅದರ ನೋಂದಣಿ ಸಂಖ್ಯೆ 842. ಕಂಪ್ಯೂಟರ್ ವಿಷಯದ ಶಿಕ್ಷಕರಾದ ಅಲನ್ ಕ್ಯಾಮೆರಾನ್ ಹಾಗೂ ಸಾಗರ ವಿಜ್ಞಾನದ ಶಿಕ್ಷಕರಾದ ಫ್ರೆಡಿ ಲಾಜ್ವರ್ದಿ ಅವರು ತಂಡಕ್ಕೆ ಮಾರ್ಗದರ್ಶನ ನೀಡಿದರು. ಸಮುದ್ರದಿಂದ ದೂರವಿರುವ ಮರುಭೂಮಿಯ ನಗರದಲ್ಲಿ ಸಾಗರ ವಿಜ್ಞಾನವನ್ನು ಬೋಧಿಸುತ್ತಿದ್ದ ಶಿಕ್ಷಕರಿಗೆ ನೀರಿನೊಳಗೆ ಚಲಿಸುವ ರೋಬೋಟ್‌ಗಳ ಸ್ಪರ್ಧೆಯೊಂದು ಗಮನಕ್ಕೆ ಬಂದದ್ದು ಮುಂದಿನ ಬೆಳವಣಿಗೆಗಳಿಗೆ ಕಾರಣವಾಯಿತು.

2004ರ ಸ್ಪರ್ಧೆ

‘ಮೇಟ್’ ಎಂಬ ಸಾಗರ ತಂತ್ರಜ್ಞಾನ ಶಿಕ್ಷಣ ಕೇಂದ್ರವು ದೂರನಿಯಂತ್ರಿತ ಜಲಾಂತರ ವಾಹನಗಳ ರಾಷ್ಟ್ರೀಯ ಸ್ಪರ್ಧೆಯನ್ನು 2004ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಆವರಣದಲ್ಲಿ ಏರ್ಪಡಿಸಿತ್ತು. ಸ್ಪರ್ಧೆಯಲ್ಲಿ ಎರಡು ವಿಭಾಗಗಳಿದ್ದವು. ಶಿಕ್ಷಕರು ಕಾಲೇಜು ತಂಡಗಳು ಭಾಗವಹಿಸುವ ಮೇಲಿನ ವಿಭಾಗವನ್ನೇ ಆಯ್ದುಕೊಂಡರು. ಕಾಲೇಜು ವಿದ್ಯಾರ್ಥಿಗಳ ಎದುರು ಸೋತರೆ ಅದರಲ್ಲಿ ಅಗೌರವವೇನೂ ಇಲ್ಲ ಎಂಬುದು ಅವರ ಲೆಕ್ಕಾಚಾರವಾಗಿತ್ತು.

ತಂಡದಲ್ಲಿ ಆಸ್ಕರ್ ವಾಸ್ಕೆಜ್, ಕ್ರಿಸ್ಟಿಯನ್ ಆರ್ಸೆಗಾ, ಲೊರೆಂಜೊ ಸಾಂಟಿಯಾನ್ ಮತ್ತು ಲೂಯಿಸ್ ಅರಾಂಡಾ ಎಂಬ ನಾಲ್ವರು ಇದ್ದರು. ಸಂಗ್ರಹವಾದ ಮೊತ್ತ ಸುಮಾರು 800 ಡಾಲರ್. ಎದುರಾಳಿಗಳ ಪೈಕಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ, ಅಂದರೆ ಎಂ.ಐ.ಟಿ.ಯ, 12 ವಿದ್ಯಾರ್ಥಿಗಳ ತಂಡವೂ ಇತ್ತು. ಆ ತಂಡಕ್ಕೆ ತೈಲ ಕಂಪನಿಯೊಂದರಿಂದಲೇ 5,000 ಡಾಲರ್ ಪ್ರಾಯೋಜಕತೆ ದೊರೆತಿತ್ತು.

ಹಣದ ಅಭಾವದಿಂದ ವಿದ್ಯಾರ್ಥಿಗಳು ಮನೆಗಳ ನೀರಿನ ಸಂಪರ್ಕಕ್ಕೆ ಬಳಸುವ ಪಿ.ವಿ.ಸಿ. ಕೊಳವೆಗಳಿಂದ ಯಂತ್ರದ ಚೌಕಟ್ಟನ್ನು ನಿರ್ಮಿಸಿದರು. ಕೊಳವೆಯೊಳಗಿನ ಗಾಳಿಯು ಯಂತ್ರಕ್ಕೆ ತೇಲುವ ಶಕ್ತಿಯನ್ನೂ ಒದಗಿಸಿತು. ಬ್ಯಾಟರಿಯನ್ನು ದಡದಲ್ಲಿಡದೆ ಜಲನಿರೋಧಕ ಪೆಟ್ಟಿಗೆಯೊಂದರಲ್ಲಿ ಯಂತ್ರದ ಮೇಲೆಯೇ ಅಳವಡಿಸಲಾಯಿತು. ದೂರ ಅಳೆಯಲು ಲೇಸರ್ ಮಾಪಕವನ್ನು ಉಪಯೋಗಿಸಲಾಯಿತು. ಕೊಳವೆ ಅಂಟಿಸುವ ಅಂಟಿನ ದುರ್ವಾಸನೆಯ ಕಾರಣ ಯಂತ್ರಕ್ಕೆ ‘ಸ್ಟಿಂಕಿ’, ಅಂದರೆ ನಾತ ಬೀರುವುದು, ಎಂದು ಹೆಸರಿಡಲಾಯಿತು.

ಸ್ಪರ್ಧಾ ಸ್ಥಳದಲ್ಲಿ ನಡೆದ ಪರೀಕ್ಷಾರ್ಥ ಮುಳುಗಿನಲ್ಲಿ ಪೆಟ್ಟಿಗೆಯೊಳಗೆ ನೀರು ಸೋರುತ್ತಿರುವುದು ಕಂಡುಬಂತು. ಹೊಸ ಪೆಟ್ಟಿಗೆ ತಯಾರಿಸಲು ಸಮಯವಿರಲಿಲ್ಲ. ಸೋರಿದ ನೀರನ್ನು ಹೀರಿಕೊಳ್ಳುವ ವಸ್ತುವನ್ನು ಒಳಗಿಡುವುದೇ ಉಳಿದ ಮಾರ್ಗವಾಗಿತ್ತು. ಮುಟ್ಟಿನ ಸಮಯದಲ್ಲಿ ಮಹಿಳೆಯರು ಬಳಸುವ ಟ್ಯಾಂಪೂನ್ ಇದಕ್ಕೆ ಸೂಕ್ತವೆಂದು ನಿರ್ಧರಿಸಲಾಯಿತು. ಲೊರೆಂಜೊ ಅಂಗಡಿಗೆ ತೆರಳಿ, ಅಲ್ಲಿದ್ದ ಮಹಿಳೆಯೊಬ್ಬರನ್ನು ಸಂಕೋಚದಿಂದಲೇ ವಿಚಾರಿಸಿ ಅವುಗಳನ್ನು ಖರೀದಿಸಿ ತಂದರು. ಈ ಉಪಾಯ ಫಲಿಸಿತು.

ಫಲಿತಾಂಶ

ಮುಳುಗಿದ ಜಲಾಂತರ್ಗಾಮಿಯ ಮಾದರಿಯೊಂದನ್ನು ಕೊಳದೊಳಗೆ ಇರಿಸಲಾಗಿತ್ತು. ಅದರ ಉದ್ದ ಅಳೆಯುವುದು, ಆಳ ಮತ್ತು ಉಷ್ಣಾಂಶ ದಾಖಲಿಸುವುದು, ಪೀಪಾಯಿಯೊಂದರಿಂದ ದ್ರವದ ಮಾದರಿ ತರುವುದು ಮುಂತಾದ ಕಾರ್ಯಗಳನ್ನು ನಿಗದಿತ ಅವಧಿಯಲ್ಲಿ ಪೂರೈಸಬೇಕಾಗಿತ್ತು. ಅತ್ಯಂತ ಕಠಿಣವೆನಿಸಿದ್ದ ದ್ರವ ಸಂಗ್ರಹಣೆಯನ್ನು ಸಣ್ಣ ಪಂಪು ಮತ್ತು ಬಲೂನಿನ ನೆರವಿನಿಂದ ತಂಡವು ಪೂರೈಸಿತು.

ನೀರಿನೊಳಗಿನ ಕಾರ್ಯಗಳಲ್ಲಿ ತಂಡಕ್ಕೆ ದೊರೆತದ್ದು 3ನೇ ಸ್ಥಾನ ಮಾತ್ರ. ಆದರೆ ಅಂಕಗಳು ಅಲ್ಲಿಗೆ ಮುಗಿಯುತ್ತಿರಲಿಲ್ಲ. ತೀರ್ಪುಗಾರರ ಮುಂದೆ ವಿನ್ಯಾಸವನ್ನು ವಿವರಿಸುವುದಕ್ಕೂ ಲಿಖಿತ ತಾಂತ್ರಿಕ ವರದಿಗೂ ಅಂಕಗಳಿದ್ದವು. ಇಂಗ್ಲಿಷ್ ಮನೆಮಾತಲ್ಲದ ಈ ವಿದ್ಯಾರ್ಥಿಗಳಿಗೆ ವಿನ್ಯಾಸದ ಪ್ರಶಸ್ತಿಯೊಂದಿಗೆ ತಾಂತ್ರಿಕ ಬರವಣಿಗೆಯ ಪ್ರಶಸ್ತಿಯೂ ಲಭಿಸಿತು. ಮೊದಲು ತೀರ್ಪುಗಾರರ ವಿಶೇಷ ಬಹುಮಾನ ಘೋಷಣೆಯಾದಾಗ ಅದನ್ನು ಸಮಾಧಾನಕರ ಬಹುಮಾನವೆಂದೇ ಭಾವಿಸಿದ್ದ ತಂಡವು ಕೊನೆಯಲ್ಲಿ ಒಟ್ಟಾರೆ ಪ್ರಥಮ ಸ್ಥಾನಕ್ಕೆ ಆಯ್ಕೆಯಾಯಿತು. ಎಂ.ಐ.ಟಿ. ತಂಡವು ದ್ವಿತೀಯ ಸ್ಥಾನ ಪಡೆಯಿತು.

ಗೆಲುವಿನ ನಂತರದ ತೊಡಕುಗಳು

ದಾಖಲೆಗಳಿಲ್ಲದ ಮಕ್ಕಳಿಗೂ ಸಾರ್ವಜನಿಕ ಶಾಲಾ ಶಿಕ್ಷಣವನ್ನು ನಿರಾಕರಿಸುವಂತಿಲ್ಲ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ತೀರ್ಪು ನೀಡಿರುತ್ತದೆ. ಆದರೆ ಈ ರಕ್ಷಣೆಯು ಪ್ರೌಢಶಾಲೆಯ ಕೊನೆಯ ತರಗತಿಗೆ ಮುಕ್ತಾಯಗೊಳ್ಳುತ್ತದೆ. ಕಾಲೇಜು ಶಿಕ್ಷಣಕ್ಕೆ ಸಂಬಂಧಿಸಿದಂತೆ ತಂಡದ ಸದಸ್ಯರ ಮೇಲೆ ಪರಿಣಾಮ ಬೀರಿದ ಅಂಶಗಳು ಈ ಕೆಳಕಂಡಂತಿವೆ:

1. ದಾಖಲೆಗಳಿಲ್ಲದ ವಿದ್ಯಾರ್ಥಿಗಳು ಒಕ್ಕೂಟ ಸರ್ಕಾರದ ಶೈಕ್ಷಣಿಕ ನೆರವಿಗೆ ಅರ್ಹರಲ್ಲ.

2. 2006ರಲ್ಲಿ ಅರಿಜೋನಾ ಮತದಾರರು 300ನೇ ಪ್ರಸ್ತಾವನೆಯನ್ನು ಅಂಗೀಕರಿಸಿದರು. ಇದರಿಂದ ಇಂತಹ ವಿದ್ಯಾರ್ಥಿಗಳು ರಾಜ್ಯದ ನಿವಾಸಿಗಳಿಗೆ ಅನ್ವಯಿಸುವ ಕಡಿಮೆ ಶುಲ್ಕದ ಸೌಲಭ್ಯವನ್ನು ಕಳೆದುಕೊಂಡರು. ಕ್ರಿಸ್ಟಿಯನ್ ಆರ್ಸೆಗಾ ಅವರು ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು.

3. ಬಾಲ್ಯದಲ್ಲಿ ದೇಶಕ್ಕೆ ಬಂದವರಿಗೆ ಕಾನೂನುಬದ್ಧ ಸ್ಥಾನ ನೀಡುವ ‘ಡ್ರೀಮ್’ ಮಸೂದೆಯನ್ನು ಮೊದಲಿಗೆ 2001ರಲ್ಲಿ ಮಂಡಿಸಲಾಯಿತು. 2010ರ ಡಿಸೆಂಬರ್‌ನಲ್ಲಿ ಸೆನೆಟ್‌ನಲ್ಲಿ ಮುಂದುವರಿಯಲು 60 ಮತಗಳು ಅಗತ್ಯವಿದ್ದು, 55 ಮತಗಳು ಮಾತ್ರ ದೊರೆತವು.

ಆಸ್ಕರ್ ವಾಸ್ಕೆಜ್ ಅವರ ಅರ್ಜಿ

ಆಸ್ಕರ್ ವಾಸ್ಕೆಜ್ ಅವರು 2009ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಅವರ ಪತ್ನಿ ಅಮೆರಿಕದ ಪ್ರಜೆ. ಆದಾಗ್ಯೂ ಅನುಮತಿಯಿಲ್ಲದೆ ಗಡಿ ದಾಟಿ ಬಂದವರು ಸಾಮಾನ್ಯವಾಗಿ ದೇಶದೊಳಗಿದ್ದುಕೊಂಡೇ ಶಾಶ್ವತ ನಿವಾಸದ ಪರವಾನಗಿ ಪಡೆಯಲು ಅವಕಾಶವಿರುವುದಿಲ್ಲ. ಸ್ವದೇಶಕ್ಕೆ ತೆರಳಿ ಅರ್ಜಿ ಸಲ್ಲಿಸಬೇಕಾಗುತ್ತದೆ. 1996ರ ವಲಸೆ ಕಾಯಿದೆಯ ಪ್ರಕಾರ, 18 ವರ್ಷ ತುಂಬಿದ ನಂತರ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಅಕ್ರಮವಾಗಿ ವಾಸಿಸಿ ದೇಶದಿಂದ ಹೊರಹೋದವರಿಗೆ 10 ವರ್ಷಗಳ ಪ್ರವೇಶ ನಿಷೇಧ ಅನ್ವಯಿಸುತ್ತದೆ. ಅಂದರೆ, ಅರ್ಜಿ ಸಲ್ಲಿಸುವ ಸಲುವಾಗಿ ಗಡಿ ದಾಟಿದ ಕ್ಷಣದಲ್ಲೇ ನಿಷೇಧವೂ ಜಾರಿಗೆ ಬರುತ್ತದೆ.

ಇದರ ಅರಿವಿದ್ದೂ ಅವರು ಪತ್ನಿ ಮತ್ತು ಪುಟ್ಟ ಮಗಳನ್ನು ಬಿಟ್ಟು 2009ರಲ್ಲಿ ಸ್ವಇಚ್ಛೆಯಿಂದ ಮೆಕ್ಸಿಕೋಗೆ ತೆರಳಿ ಅರ್ಜಿ ಸಲ್ಲಿಸಿದರು. ಅರ್ಜಿಯು ತಿರಸ್ಕೃತವಾಗಿ 10 ವರ್ಷಗಳ ನಿಷೇಧ ವಿಧಿಸಲಾಯಿತು. ಪ್ರಜೆಯಾಗಿರುವ ಪತಿ ಅಥವಾ ಪತ್ನಿಗೆ ತೀವ್ರ ಸಂಕಷ್ಟ ಉಂಟಾಗುವುದನ್ನು ರುಜುವಾತುಪಡಿಸಿದಲ್ಲಿ ವಿನಾಯಿತಿ ನೀಡಲು ಕಾಯಿದೆಯಲ್ಲಿ ಅವಕಾಶವಿದೆ. ಇಲಿನಾಯ್ ರಾಜ್ಯದ ಸೆನೆಟರ್ ರಿಚರ್ಡ್ ಡರ್ಬಿನ್ ಅವರು ಈ ಪ್ರಕರಣದ ಪರವಾಗಿ ಮಾತನಾಡಿದರು. ಅಂತಿಮವಾಗಿ 2010ರ ಆಗಸ್ಟ್‌ನಲ್ಲಿ ಆಸ್ಕರ್ ಅವರಿಗೆ ವೀಸಾ ಮಂಜೂರಾಯಿತು. ಹಿಂದಿರುಗಿದ ಅವರು ಅಮೆರಿಕದ ಸೇನೆಗೆ ಸೇರಿ, ಪೌರತ್ವ ಪಡೆದು, ಆಫ್ಘಾನಿಸ್ತಾನದಲ್ಲಿ ಸೇವೆ ಸಲ್ಲಿಸಿದರು. 2016ರ ಜನವರಿಯಲ್ಲಿ ಅಧ್ಯಕ್ಷರ ವಾರ್ಷಿಕ ಭಾಷಣಕ್ಕೆ ಅವರನ್ನು ಅತಿಥಿಯಾಗಿ ಆಹ್ವಾನಿಸಲಾಗಿತ್ತು.

ನಂತರದ ಬೆಳವಣಿಗೆಗಳು

ತಂಡದ ಕುರಿತು ‘ವೈರ್ಡ್’ ನಿಯತಕಾಲಿಕದಲ್ಲಿ 2005ರಲ್ಲಿ ಲೇಖನ ಪ್ರಕಟವಾಯಿತು. ಓದುಗರು ವಿದ್ಯಾರ್ಥಿವೇತನ ನಿಧಿಗೆ ದೇಣಿಗೆ ನೀಡಿದರು. ಲೊರೆಂಜೊ ಮತ್ತು ಲೂಯಿಸ್ ಪಾಕಶಾಸ್ತ್ರದ ಶಿಕ್ಷಣ ಪಡೆದರು. ತಂಡದ ಕಥೆಯನ್ನು ಆಧರಿಸಿದ ‘ಸ್ಪೇರ್ ಪಾರ್ಟ್ಸ್’ ಚಲನಚಿತ್ರವು 2015ರಲ್ಲಿ ಬಿಡುಗಡೆಯಾಯಿತು.

ನಾಲ್ವರು ಶಾಲೆಯಿಂದ ಹೊರಬಂದ ನಂತರವೂ ತಂಡ ಮುಂದುವರಿಯಿತು. 2008ರಲ್ಲಿ ‘ಫಸ್ಟ್’ ಸಂಸ್ಥೆಯ ಅತ್ಯುನ್ನತ ಗೌರವವಾದ ಅಧ್ಯಕ್ಷರ ಪ್ರಶಸ್ತಿಯು ಫಾಲ್ಕನ್ ರೋಬೋಟಿಕ್ಸ್ ತಂಡಕ್ಕೆ ಸಂದಿತು. ಈ ಪ್ರಶಸ್ತಿಯನ್ನು ಪಂದ್ಯದ ಅಂಕಗಳಿಗಾಗಿ ನೀಡಲಾಗುವುದಿಲ್ಲ. ಇತರರಿಗೆ ಮಾದರಿಯಾಗಿ ಸಮುದಾಯದ ಮೇಲೆ ಬೀರಿದ ಪ್ರಭಾವವನ್ನು ಪರಿಗಣಿಸಿ ನೀಡಲಾಗುತ್ತದೆ.

ಕಾನೂನಿನಲ್ಲಿಯೂ ಕೆಲವು ಬದಲಾವಣೆಗಳಾಗಿವೆ. 2013ರಿಂದ ಪ್ರಜೆಗಳ ಪತಿ ಅಥವಾ ಪತ್ನಿಯರು ದೇಶ ಬಿಡುವ ಮೊದಲೇ ವಿನಾಯಿತಿಗಾಗಿ ಅರ್ಜಿ ಸಲ್ಲಿಸುವ ವ್ಯವಸ್ಥೆಯನ್ನು ಆರಂಭಿಸಲಾಯಿತು. 2022ರ ನವೆಂಬರ್‌ನಲ್ಲಿ ಅರಿಜೋನಾ ಮತದಾರರು 308ನೇ ಪ್ರಸ್ತಾವನೆಯನ್ನು ಅಂಗೀಕರಿಸಿ, ರಾಜ್ಯದ ಪ್ರೌಢಶಾಲೆಯಲ್ಲಿ ಕನಿಷ್ಠ 2 ವರ್ಷ ವ್ಯಾಸಂಗ ಮಾಡಿ ಉತ್ತೀರ್ಣರಾದವರಿಗೆ, ಅವರ ವಲಸೆ ಸ್ಥಿತಿಯನ್ನು ಪರಿಗಣಿಸದೆ, ನಿವಾಸಿಗಳ ಶುಲ್ಕವನ್ನೇ ಅನ್ವಯಿಸಲು ಒಪ್ಪಿಗೆ ನೀಡಿದರು. 2006ರಲ್ಲಿ ಮುಚ್ಚಿದ್ದ ಬಾಗಿಲು ಹೀಗೆ 16 ವರ್ಷಗಳ ನಂತರ ತೆರೆಯಿತು. 2004ರಲ್ಲಿ ಗೆದ್ದ ವಿದ್ಯಾರ್ಥಿಗಳು ಅಷ್ಟರಲ್ಲಿ ಕಾಲೇಜಿನ ವಯಸ್ಸನ್ನು ದಾಟಿದ್ದರು. ಅವರ ನಂತರದ ತಂಡಗಳ ಸದಸ್ಯರಿಗೆ ಇದರ ಪ್ರಯೋಜನ ಲಭ್ಯವಾಗಿರುತ್ತದೆ.