ಇಪ್ಪತ್ತು ಜನರ ಸಭೆ

ಐರಣಿಯ ಪಾಳುಗೋಟೆಯ ಬಳಿ ನಿಂತು ತುಂಗಭದ್ರೆಯ ಆಚೆಯ ದಡವನ್ನು ನೋಡುವವನಿಗೆ, ಚರಿತ್ರೆಯೆಂಬುದು ಬಹುಮಟ್ಟಿಗೆ ಹೊಳೆ ದಾಟಿ ಬಂದವರ ಕಥೆಯೆಂದು ತೋರಿದರೆ ಆಶ್ಚರ್ಯವಿಲ್ಲ. ಟಿಪ್ಪುವಿನ ಪತನಾನಂತರ ಸೆರೆಯಿಂದ ಬಿಡುಗಡೆ ಹೊಂದಿ, ಈ ಸೀಮೆಯಲ್ಲೆಲ್ಲ ದಂಡು ಕಟ್ಟಿಕೊಂಡು ತಿರುಗುತ್ತಿದ್ದ ಧೋಂಡಿಯಾ ವಾಘನನ್ನು ಅಟ್ಟಿಕೊಂಡು 1800ರಲ್ಲಿ ಹರಿಹರದ ಬಳಿ ಹೊಳೆ ದಾಟಿದ ಇಂಗ್ಲಿಷರ ಕರ್ನಲ್ ವೆಲ್ಲೆಸ್ಲಿಯು ಮೊದಲು ಐರಣಿಯನ್ನೂ ಅನಂತರ ರಾಣೆಬೆನ್ನೂರನ್ನೂ ವಶಪಡಿಸಿಕೊಂಡನು. ಆ ಕೋಟೆ ಯಾರ ಕೈಗೆ ಹೋಗತಕ್ಕದ್ದೆಂದು ಊರ ಒಕ್ಕಲಿಗನನ್ನಾಗಲಿ, ಕುರುಬನನ್ನಾಗಲಿ, ಹತ್ತಿ ಎಕ್ಕುವ ಪಿಂಜಾರನನ್ನಾಗಲಿ ಆಗ ಯಾರೂ ಕೇಳಲಿಲ್ಲ. ಕೇಳಬೇಕೆಂಬ ಕಲ್ಪನೆಯೂ ಯಾರಿಗೂ ಇರಲಿಲ್ಲ. ಇಂದು ಕೇಳುವ ಒಂದು ಸ್ಥಳವುಂಟು. ಅದರ ಹೆಸರು ಗ್ರಾಮಸಭೆ. ಅಲ್ಲಿ ಯಾರು ಬಂದು ಕುಳಿತುಕೊಳ್ಳುತ್ತಾರೆ, ಯಾರು ಬಾರದೆ ಉಳಿಯುತ್ತಾರೆ ಎಂಬುದೇ ಈ ಲೇಖನದ ವಿಷಯ.

2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಮುಸಲ್ಮಾನರು ಶೇಕಡಾ 12.92, ಐರಣಿಯಿರುವ ಹಾವೇರಿ ಜಿಲ್ಲೆಯಲ್ಲಿ ಆ ಪ್ರಮಾಣ ಇದಕ್ಕಿಂತ ಅಧಿಕ. ಇವರು ಬೇರೆಲ್ಲಿಂದಲೋ ಬಂದು ತಂಗಿದವರಲ್ಲ. ಇಲ್ಲಿಯ ಮೊಹರಮ್ಮಿನಲ್ಲಿ ಹಾಡುವ ರಿವಾಯತ್ ಪದಗಳು ಅಚ್ಚ ಕನ್ನಡದವು. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಹಿಂದೂಗಳೇ ಹೆಚ್ಚಾಗಿರುವ ಊರುಗಳುಂಟು. ಮುಸಲ್ಮಾನರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿಯೂ ದೇವರು ಕೂಡುತ್ತವೆ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರ ಶಿಷ್ಯರಾಗಿ, ಕೆಲಕಾಲ ಶಾಲಾಮಾಸ್ತರಿಕೆಯನ್ನೂ ಮಾಡಿದ ಷರೀಫ ಸಾಹೇಬರನ್ನು ಈ ಜಿಲ್ಲೆಯವರು ತಮ್ಮ ಮನೆಯ ಹಿರಿಯರೆಂದೇ ಭಾವಿಸುತ್ತಾರೆ. (ವೇದಿಕೆಯ ಮೇಲೆ ಷರೀಫರನ್ನು ಗಂಟೆಗಟ್ಟಲೆ ಕೊಂಡಾಡಿದ ಮಹನೀಯರೊಬ್ಬರು, ಮಾರನೆಯ ದಿನ ಬಾಡಿಗೆಗೆ ಮನೆ ಕೇಳಲು ಬಂದ ಹುಡುಗನ ಹೆಸರು ಕೇಳಿದೊಡನೆ ಮನೆ ಖಾಲಿಯಿಲ್ಲವೆಂದದ್ದನ್ನು ನಾನು ಕಂಡಿದ್ದೇನೆ. ಸೌಹಾರ್ದವನ್ನು ಕೀರ್ತಿಸುವುದು ಸುಲಭ; ಬೀಗದ ಕೈ ಕೊಡುವುದು ಕಷ್ಟ.)

ಭೇದಭಾವವು ಯಾವಾಗಲೂ ಗದ್ದಲ ಮಾಡಿಕೊಂಡೇ ಬರುವುದಿಲ್ಲ. ಬಂದದ್ದೂ ಉಂಟು. 2022ರ ವಸಂತದಲ್ಲಿ, ದೇವಾಲಯಗಳ ಜಾತ್ರೆಗಳಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಸ್ಥಳ ಕೊಡಕೂಡದೆಂಬ ಕೂಗು ಕರಾವಳಿಯಿಂದ ಎದ್ದು ರಾಜ್ಯವನ್ನೆಲ್ಲ ವ್ಯಾಪಿಸಿತು. ಆ ವರ್ಷ ಏಪ್ರಿಲ್ 9ರಂದು ಧಾರವಾಡದ ನುಗ್ಗಿಕೇರಿಯ ಹನುಮಂತನ ಗುಡಿಯ ಮುಂದೆ ಬಡ ವ್ಯಾಪಾರಿಯೊಬ್ಬನ ಕಲ್ಲಂಗಡಿ ಹಣ್ಣುಗಳನ್ನು ಕೆಲವರು ಬೀದಿಗೆ ಬಡಿದು ಒಡೆದರು. ಇಂಥದ್ದು ಪತ್ರಿಕೆಯಲ್ಲಿ ಬರುತ್ತದೆ, ಖಂಡನೆಗೆ ಗುರಿಯಾಗುತ್ತದೆ. ಆದರೆ ಮತದಾರರ ಪಟ್ಟಿಯಿಂದ ಜಾರಿಹೋದ ಹೆಸರು, ಸಾಬರ ಓಣಿಯ ತಿರುವಿನಲ್ಲಿಯೇ ನಿಂತುಹೋದ ಗಟಾರ, ಆಶ್ರಯ ಮನೆಯ ಯಾದಿ ಸಿದ್ಧವಾದ ಮೇಲೆ ತಲುಪುವ ಸಮಾಚಾರ, ಇವು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ. ಸಂವಿಧಾನದ 15ನೆಯ ವಿಧಿಯು ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ವಿಷಯದಲ್ಲಿ ಧರ್ಮದ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ಸ್ಪಷ್ಟವಾಗಿ ವಿಧಿಸಿರುವುದಷ್ಟೆ. ಆದರೆ ಗಟಾರ ಎಲ್ಲಿಗೆ ನಿಂತಿತೆಂಬುದನ್ನು ಸಂವಿಧಾನವು ಬಂದು ನೋಡುವುದಿಲ್ಲ. ಅದನ್ನು ಓಣಿಯವನೇ ನೋಡಿ ಹೇಳತಕ್ಕದ್ದು.

ಹೇಳುವುದಕ್ಕೆ ಸ್ಥಾನವೆಲ್ಲಿ ಎಂಬ ಪ್ರಶ್ನೆಗೆ ಐರಣಿಯಿರುವ ರಾಣೆಬೆನ್ನೂರು ತಾಲ್ಲೂಕಿನ ಚರಿತ್ರೆಯಲ್ಲಿಯೇ ವಿಚಿತ್ರವಾದೊಂದು ಪ್ರಸಂಗವುಂಟು. ದೇವರಾಜ ಅರಸರು 1972ರಲ್ಲಿ ನೇಮಿಸಿದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿದ್ದ ಎಲ್. ಜಿ. ಹಾವನೂರರು ರಾಣೆಬೆನ್ನೂರಿನವರು. 1975ರಲ್ಲಿ ಅವರು ಒಪ್ಪಿಸಿದ ವರದಿಯು ಕರ್ನಾಟಕದ ಮೂಕ ಜಾತಿಗಳಿಗೆ ನಾಲಗೆ ಕೊಟ್ಟಿತೆಂಬುದು ನಿರ್ವಿವಾದ. ಆದರೂ ಅದು ಮುಸಲ್ಮಾನರನ್ನು ಧಾರ್ಮಿಕ ಅಲ್ಪಸಂಖ್ಯಾತರೆಂದು ಎಣಿಸಿ ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟಿತ್ತು. 1977ರ ಆಜ್ಞೆಯಲ್ಲಿ ಅರಸರ ಸರ್ಕಾರವೇ ಅವರನ್ನು ಸೇರಿಸಿತು. 1995ರಲ್ಲಿ ‘2ಬಿ’ ಎಂಬ ಪ್ರವರ್ಗದಡಿಯಲ್ಲಿ ಶೇಕಡಾ 4ರ ಮೀಸಲಾತಿ ಬಂದಿತು. 2023ರ ಮಾರ್ಚಿನಲ್ಲಿ, ಇದೇ ಜಿಲ್ಲೆಯ ಶಿಗ್ಗಾಂವಿಯ ಪ್ರತಿನಿಧಿಯಾಗಿದ್ದ ಮುಖ್ಯಮಂತ್ರಿಗಳ ಸರ್ಕಾರ ಅದನ್ನು ತೆಗೆದುಹಾಕುವ ಆಜ್ಞೆ ಹೊರಡಿಸಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದ ಬಾಗಿಲಿಗೆ ಹೋಗಿ ಆಜ್ಞೆ ಜಾರಿಗೆ ಬಾರದೆ ನಿಂತಿತು. ಮೇಲಿನಿಂದ ಕೊಟ್ಟದ್ದನ್ನು ಮೇಲಿನಿಂದಲೇ ಕಿತ್ತುಕೊಳ್ಳಲು ಬರುತ್ತದೆ. ಆದಕಾರಣವೇ, ಕೆಳಗಿನಿಂದ ಬೇರು ಬಿಟ್ಟ ಅಧಿಕಾರದ ಕಡೆಗೆ ತರುಣರು ಕಣ್ಣು ಹಾಯಿಸಬೇಕೆಂದು ನನ್ನ ಅಭಿಪ್ರಾಯ.

ಸಂವಿಧಾನದ 73ನೆಯ ತಿದ್ದುಪಡಿಯ ಅನಂತರ ನಮ್ಮ ರಾಜ್ಯದಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮ ಬಂದುದು ಎಲ್ಲರಿಗೂ ತಿಳಿದ ಸಂಗತಿ. ಗ್ರಾಮ ಪಂಚಾಯತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅಭ್ಯರ್ಥಿಗೆ 21 ವರ್ಷ ತುಂಬಿದ್ದರೆ ಸಾಕು. ಹಿಂದುಳಿದ ವರ್ಗ ‘ಅ’ ಎಂಬ ಮೀಸಲು ಸ್ಥಾನಗಳಿಗೆ ಮುಸಲ್ಮಾನರೂ ಅರ್ಹರು. ಮತಪಟ್ಟಿಗೆ ಹೆಸರು ಸೇರಿಸಲು ಹಿಂದಿನಂತೆ ಜನವರಿಯೊಂದನ್ನೇ ಕಾಯಬೇಕಾಗಿಲ್ಲ. ಈಗ ವರ್ಷದಲ್ಲಿ 4 ಅರ್ಹತಾ ದಿನಗಳು. ಇವೆಲ್ಲಕ್ಕಿಂತ ಮಿಗಿಲಾಗಿ, ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆಗೆ ತಳಹದಿಯಾದ ವಾರ್ಡ್ ಸಭೆ ಸೇರತಕ್ಕದ್ದೆಂದೂ, ಮನೆ ಮೊದಲಾದ ಸೌಲಭ್ಯಗಳ ಫಲಾನುಭವಿಗಳ ಯಾದಿಯ ವಿಚಾರ ಅಲ್ಲಿಂದಲೇ ಏಳತಕ್ಕದ್ದೆಂದೂ ಕಾಯಿದೆ ಹೇಳುತ್ತದೆ. ಈ ಸಭೆಗಳು ಅನೇಕ ಕಡೆ ಕಾಗದದ ಮೇಲೆಯೇ ನಡೆದು ಮುಗಿಯುವುದೂ ಉಂಟು. ಹಾಗೆ ಮುಗಿಯಲು ಸಾಧ್ಯವಾಗುವುದು ಯಾರೂ ಹೋಗಿ ನಡವಳಿ ಪುಸ್ತಕ ತೋರಿಸಿರೆಂದು ಕೇಳದಿರುವುದರಿಂದ. ಕೇಳಿದರೂ ತೋರಿಸದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಿದೆ, ಹತ್ತು ರೂಪಾಯಿಯ ಶುಲ್ಕವಿದೆ, ಮೂವತ್ತು ದಿನಗಳ ಗಡುವಿದೆ.

ಇಲ್ಲಿ ತರುಣರಿಗೆ ಒಂದು ಕಠಿಣವಾದ ಮಾತನ್ನೂ ಹೇಳಬೇಕಾಗಿದೆ. ನಮ್ಮ ಊರುಗಳಲ್ಲಿ ಮುಸಲ್ಮಾನರ ಅಹವಾಲೆಂದರೆ ಖಬರಸ್ತಾನದ ಕಂಪೌಂಡು, ಶಾದಿ ಮಹಲಿನ ಅನುದಾನ ಎಂದು ಅಧಿಕಾರಿಗಳು ಮೊದಲೇ ಎಣಿಸಿರುತ್ತಾರೆ; ಜಮಾತಿನ ಹಿರಿಯರಿಬ್ಬರು ಅರ್ಜಿ ಹಿಡಿದು ಹೋಗಿ, ಚಹಾ ಕುಡಿದು, ಆಶ್ವಾಸನೆ ಪಡೆದು ಹಿಂದಿರುಗುತ್ತಾರೆ. ಖಬರಸ್ತಾನ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಅಂಗನವಾಡಿಯ ಮಾಡು ಸೋರುವುದನ್ನು, ಹೊಳೆ ಪಕ್ಕದಲ್ಲಿದ್ದೂ ಕುಡಿಯುವ ನೀರಿಗೆ ಪರದಾಡುವುದನ್ನು, ಎಲ್ಲ ಓಣಿಗಳ ಪರವಾಗಿ ಪಿಂಜಾರರ ಹುಡುಗನೊಬ್ಬನು ಎದ್ದು ಕೇಳಿದ ದಿನ, ಊರ ಕಣ್ಣಿನಲ್ಲಿ ಅವನು ಅರ್ಜಿದಾರನಾಗಿ ಉಳಿಯದೆ ಊರಿನವನಾಗುತ್ತಾನೆ. ನೀರಿನ ಕೊಳಾಯಿಗೆ ಜಾತಿ ತಿಳಿಯದು; ಒಟ್ಟಿಗೆ ಕೊಡ ಹಿಡಿದು ಜಗಳಾಡಿದವರು ಪರಸ್ಪರ ಅಪರಿಚಿತರಾಗಿ ಉಳಿಯಲಾರರು. ಮುಸಲ್ಮಾನರ ಸ್ಥಿತಿಗತಿಗಳನ್ನು ಪರಿಶೀಲಿಸಿದ 2006ರ ಸಾಚಾರ್ ಸಮಿತಿಯೂ ಸ್ಥಳೀಯ ಸಂಸ್ಥೆಗಳಲ್ಲಿ ಅಲ್ಪಸಂಖ್ಯಾತರ ಭಾಗವಹಿಸುವಿಕೆ ಹೆಚ್ಚಬೇಕೆಂದಿತ್ತು.

ಈ ಹಾದಿಯಲ್ಲಿ ನಡೆದವರು ಕನ್ನಡ ನಾಡಿನಲ್ಲಿ ಇಲ್ಲದಿಲ್ಲ. 2025ರಲ್ಲಿ ‘ಹಾರ್ಟ್ ಲ್ಯಾಂಪ್’ ಕಥಾಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಬಾನು ಮುಷ್ತಾಕರ ಹೆಸರನ್ನು ಲೋಕವೆಲ್ಲ ಕೇಳಿತು. ಆದರೆ ವಕೀಲೆಯೂ ಬಂಡಾಯದ ಲೇಖಕಿಯೂ ಆದ ಈಕೆ ಅದಕ್ಕೆ ಬಹಳ ಮೊದಲೇ ಹಾಸನದ ನಗರಸಭೆಯ ಸದಸ್ಯೆಯಾಗಿ ದುಡಿದವರೆಂಬುದನ್ನು ಸ್ಮರಿಸಿದವರು ಕಡಮೆ. ಕಥೆಗಳಲ್ಲಿ ಕಾಣುವ ಓಣಿಗಳನ್ನು ಅವರು ಕಿಟಕಿಯಿಂದ ನೋಡಿದವರಲ್ಲ. ಮಸೀದಿಯಲ್ಲಿ ಸ್ತ್ರೀಯರಿಗೂ ಪ್ರಾರ್ಥನೆಯ ಹಕ್ಕಿರಬೇಕೆಂದುದಕ್ಕಾಗಿ 2000ದಲ್ಲಿ ಸ್ವಸಮಾಜದವರೇ ಅವರಿಗೆ ಬಹಿಷ್ಕಾರ ಹಾಕಿದರು. ಇಪ್ಪತ್ತೈದು ವರ್ಷಗಳ ಅನಂತರ ಮೈಸೂರು ದಸರೆಯ ಉದ್ಘಾಟನೆಗೆ ಆಹ್ವಾನ ಬಂದಾಗ, ಅವರು ಮುಸಲ್ಮಾನರೆಂಬ ಕಾರಣದಿಂದ ಬೇರೆಯವರು ಅಡ್ಡ ನಿಂತರು. ಉಚ್ಚ ನ್ಯಾಯಾಲಯವೂ ಸರ್ವೋಚ್ಚ ನ್ಯಾಯಾಲಯವೂ ತಕರಾರನ್ನು ತಳ್ಳಿಹಾಕಿದ ಮೇಲೆ, 2025ರ ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ದಸರೆಯನ್ನು ಉದ್ಘಾಟಿಸಿದರು. ಮನೆಯೊಳಗಣ ಬಾಗಿಲು, ಹೊರಗಣ ಬಾಗಿಲು ಎರಡನ್ನೂ ಒಬ್ಬಳೇ ತಟ್ಟಬೇಕಾದ ಸಂಕಟ ಇಂದಿನ ಮುಸಲ್ಮಾನ ಹೆಣ್ಣುಮಕ್ಕಳಿಗೆ ಹೊಸದಲ್ಲ. ಹೊರಗಿನ ಭೇದವನ್ನು ಪ್ರಶ್ನಿಸುವ ತರುಣನು ಒಳಗಿನದನ್ನು ಮುಚ್ಚಿಟ್ಟರೆ ಅವನ ಪ್ರಶ್ನೆಗೆ ಬಲ ಬಾರದು.

ಇನ್ನೊಂದು ಸೂಕ್ಷ್ಮವುಂಟು. ಕೋವಿಡಿನ ಕರಾಳ ದಿನಗಳಲ್ಲಿ ಬೆಂಗಳೂರಿನ ಮರ್ಸಿ ಏಂಜಲ್ಸ್ ಎಂಬ ತಂಡದ ಮುಸಲ್ಮಾನ ತರುಣರು, ಬಂಧುಗಳೂ ಮುಟ್ಟಲು ಅಂಜಿದ ಶವಗಳಿಗೆ ಅವರವರ ಧರ್ಮದಂತೆ ಅಂತ್ಯಸಂಸ್ಕಾರ ನಡೆಸಿದರು. ಸರ್ವಸ್ತುತ್ಯವಾದ ಕಾರ್ಯವದು. ಆದರೆ ಇದನ್ನು ಹೊಗಳುವ ಭರದಲ್ಲಿ ನಾವು, ಒಳ್ಳೆಯವನೆಂದು ತೋರಿಸಿಕೊಟ್ಟವನಿಗೇ ಸಮಾನತೆ ಎಂಬ ಅಪಾಯದ ತರ್ಕಕ್ಕೆ ಜಾರುತ್ತೇವೆ. ಹೆಣ ಹೊರದಿದ್ದವನಿಗೂ ಬಾಡಿಗೆಯ ಮನೆ ದೊರಕಬೇಕು. ಸಭೆಗೆ ಹೋಗುವ ಕರ್ತವ್ಯ ಮುಸಲ್ಮಾನ ತರುಣನದಾದರೆ, ಅವನು ಬಂದಾಗ ಚಾಪೆಯಲ್ಲಿ ಸರಿದು ಸ್ಥಳ ಕೊಡುವ ಕರ್ತವ್ಯ ಉಳಿದವರದು. ಆ ಎರಡನೆಯದರಲ್ಲಿಯೇ ನಾವು ಹೆಚ್ಚಾಗಿ ತಪ್ಪಿದವರು.

ಐರಣಿಯಲ್ಲಿಯೋ ಬ್ಯಾಡಗಿಯ ಯಾವುದೋ ಹಳ್ಳಿಯಲ್ಲಿಯೋ ಈ ಬರಹವನ್ನು ಓದುತ್ತಿರುವ ಹತ್ತೊಂಬತ್ತು ಇಪ್ಪತ್ತರ ತರುಣನೇ, ಮುಂದಿನ ವಾರ್ಡ್ ಸಭೆ ಎಂದೆಂದು ನಾಳೆಯೇ ಪಂಚಾಯತಿಯಲ್ಲಿ ವಿಚಾರಿಸು. ಅದಕ್ಕೆ ಬೇಕಾದ ಗಣಪೂರ್ತಿ ವಾರ್ಡಿನ ಮತದಾರರಲ್ಲಿ ಹತ್ತನೆಯ ಒಂದು ಪಾಲು ಅಥವಾ ಇಪ್ಪತ್ತು ಜನ, ಎರಡರಲ್ಲಿ ಯಾವುದು ಕಡಮೆಯೋ ಅಷ್ಟು. ಅವರಲ್ಲಿ ಶೇಕಡಾ 30ರಷ್ಟಾದರೂ ಹೆಂಗಸರಿರಬೇಕು. ಅಕ್ಕತಂಗಿಯರನ್ನೂ ಕರೆದುಕೊಂಡು ಹೋಗು.