ಮೀನಿಗಿಂತ ಮೊದಲು ನೀರನ್ನು ಸಾಕಿ

ಮನೆ ಬದಲಿಸಿದಾಗ ನಮ್ಮ ಉಪ್ಪುನೀರಿನ ಅಕ್ವೇರಿಯಂ ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕಾಯ್ತು. ಜೋಡಿ ಕ್ಲೌನ್ ಮೀನಿನ ಜೀವದ ಪ್ರಶ್ನೆ! ಆಗ ಕಲಿತದ್ದಿಷ್ಟು.

ಕಲ್ಲು ಒಣಗಲು ಬಿಡಬೇಡಿ. ಮೀನಿನ ಹೊಲಸಿನಿಂದ ಹುಟ್ಟುವ ವಿಷ ಅಮೋನಿಯಾ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಇರೋದೇ ಅಲ್ಲಿ. ಹಳೇ ಮರಳು ಬೇಡ, ತಳದಲ್ಲಿ ಕೂತ ಕೊಳೆ ಕದಡಿ ನೀರು ಕೆಡುತ್ತೆ. ಉಪ್ಪಿನಂಶ ಸಾವಿರಕ್ಕೆ 35ರಷ್ಟಿರಲಿ. ನೀರು ಆವಿಯಾಗಿ ಕಮ್ಮಿಯಾದ್ರೆ ಉಪ್ಪಿಲ್ಲದ ಆರ್‌ಓ ನೀರನ್ನೇ ತುಂಬಿ, ಉಪ್ಪು ಆವಿಯಾಗಲ್ಲ. ಕರೆಂಟ್ ಹೋಗೋ ಊರಲ್ಲಿ ಬ್ಯಾಟರಿ ಏರ್ ಪಂಪ್ ಇರಲೇಬೇಕು. ಇನ್ನು, ಬಂಡೆ ಕಟ್ಟುವ ಗಟ್ಟಿ ಹವಳದ ಆಸೆ ಬಿಡಿ: ನಮ್ಮ ದೇಶದಲ್ಲಿ ಹುಲಿಯಂತೆ ಅದಕ್ಕೂ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ.

ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಸೊನ್ನೆ ಬರೋವರೆಗೂ ಜೋಡಿಯನ್ನು ಬೇರೆ ತೊಟ್ಟಿಯಲ್ಲೇ ಇಟ್ಟಿದ್ದೆ. ಎರಡೂ ಈಗ ಆರಾಮಾಗಿವೆ.