ಮುದ್ದಿನ ಹೋರಿಯ ಬಳಿ ಹೆಚ್ಚು ಎಚ್ಚರ

ಕೈಬಿಟ್ಟ ದನಗಳಿಗೆ ನೆಲೆ ಕೊಟ್ಟ ಗೋಶಾಲೆಗೆ ಹೋದವರು ಸಾಮಾನ್ಯವಾಗಿ ಅಂಜುವುದು ಕಿವಿ ನಿಮಿರಿಸಿ ಹಿಂದೆ ಸರಿಯುವ ಹಸುವಿಗೆ. ತಾನಾಗಿಯೇ ಬಂದು ಅಂಗಿ ನೆಕ್ಕುವ ಎಳೆ ಹೋರಿಯನ್ನಾದರೋ ಮಕ್ಕಳ ಕೈಯಿಂದಲೂ ಮುಟ್ಟಿಸುತ್ತಾರೆ. ಈ ಲೆಕ್ಕ ತಲೆಕೆಳಗು. ಬೆದರಿದ ಹಸು ದಾರಿ ಸಿಕ್ಕರೆ ಓಡಿಹೋಗುತ್ತದೆ. ಮನುಷ್ಯರ ಅಂಜಿಕೆಯೇ ಇಲ್ಲದೆ ಬೆಳೆದ ಹೋರಿ ಓಡುವುದಿಲ್ಲ. ತಾಯಿಯಿಂದ ಬೇರೆಯಾಗಿ ಬಾಟಲಿ ಹಾಲಿನಲ್ಲಿ ಬೆಳೆದ ಗಂಡುಕರು ಮನುಷ್ಯರನ್ನೇ ತನ್ನ ಜಾತಿಯವರೆಂದು ಎಣಿಸಬಹುದು, ಪ್ರಾಯಕ್ಕೆ ಬಂದಾಗ ಬಲಾಬಲ ಪರೀಕ್ಷೆಗೂ ಅವರನ್ನೇ ಆರಿಸಿಕೊಳ್ಳಬಹುದು. ಹಿಯರ್‌ಫೋರ್ಡ್ ತಳಿಯ ಹೋರಿಗಳ ಮೇಲೆ ನಡೆಸಿದ ಅಧ್ಯಯನವೊಂದನ್ನು ಎಡ್ವರ್ಡ್ ಪ್ರೈಸ್ ಮತ್ತು ವಾಲಾಕ್ ಎಂಬ ಸಂಶೋಧಕರು 1990ರಲ್ಲಿ ಪ್ರಕಟಿಸಿದರು. ಜೊತೆಗಾರರಿಲ್ಲದೆ ಒಂಟಿಯಾಗಿ, ಕೈಯಾರೆ ಸಾಕಿದ ಕರುಗಳು ದೊಡ್ಡವಾದ ಮೇಲೆ ಮನುಷ್ಯರ ಮೇಲೆ ಹೆಚ್ಚು ಏರಿಹೋಗುತ್ತಿದ್ದವು ಎಂಬುದು ಅದರಲ್ಲಿ ಕಂಡ ಸಂಗತಿ. ಹಾಲಿನ ಲೆಕ್ಕಕ್ಕೆ ಬಾರದ ಎಚ್‌.ಎಫ್‌., ಜೆರ್ಸಿ ತಳಿಯ ಗಂಡುಕರುಗಳು ಎಳೆಯದರಲ್ಲೇ ಗೋಶಾಲೆ ಸೇರುವುದುಂಟು. ಹಾಗಾಗಿ ಇದು ದೂರದ ದೇಶದ ಸಮಸ್ಯೆಯಲ್ಲ. ಬಂದ ಕರುವನ್ನು ಬೇಗನೆ ಓರಗೆಯ ಕರುಗಳ ಜೊತೆ ಬಿಡುವುದು, ಸಕಾಲಕ್ಕೆ ಬೀಜ ಒಡೆಸುವುದು, ಹಣೆಗೆ ಅಂಗೈ ಒತ್ತಿ ಗುದ್ದಾಟ ಆಡಿಸದಿರುವುದು ಇದಕ್ಕೆ ಮದ್ದು. ಟಗರಿನ ಮರಿಗೂ ಇದೇ ಮಾತು. ಇಂದು ನಗು ತರಿಸುವ ಗುದ್ದು ಮುಂದಿನ ವರ್ಷ ಮೊಣಕಾಲು ಮುರಿಯಬಲ್ಲದು.

ಹೋರಿ ಸಾಮಾನ್ಯವಾಗಿ ಹೇಳದೆ ಕೇಳದೆ ಹಾಯುವುದಿಲ್ಲ. ಮೊದಲು ಮೈಯ ಪಕ್ಕವನ್ನು ನಮಗೆ ತೋರುವಂತೆ ಅಡ್ಡ ನಿಲ್ಲುತ್ತದೆ, ಬೆನ್ನು ಉಬ್ಬಿಸುತ್ತದೆ, ತಲೆ ತಗ್ಗಿಸಿ ಕಾಲಿನಿಂದ ಮಣ್ಣು ಕೆದರುತ್ತದೆ. ಎಷ್ಟು ಗಾತ್ರವಿದ್ದೇನೆ ನೋಡು ಎನ್ನುವ ಈ ನಿಲುವನ್ನು ಫೋಟೊಗೆ ಒಳ್ಳೆಯ ಭಂಗಿ ಎಂದುಕೊಳ್ಳುವವರೂ ಇದ್ದಾರೆ! ಆಗ ಬೆನ್ನು ತಿರುಗಿಸದೆ, ಓಡದೆ, ಒಂದೊಂದೇ ಹೆಜ್ಜೆ ಹಿಂದಿಟ್ಟು ಬೇಲಿಯಾಚೆ ಸೇರಬೇಕು. ಹಸುವಿನದು ಬೇರೆ ಬಗೆ. ತನ್ನ ಸುತ್ತ ಬಹುಪಾಲು ಎಲ್ಲ ಕಡೆಗೂ ಕಾಣುವ ಅದಕ್ಕೆ ಬೆನ್ನ ಹಿಂದಿನ ಕಿರಿದಾದ ಜಾಗ ಮಾತ್ರ ಕಾಣದು. ಅಲ್ಲಿಂದ ಬಂದ ಕೈ ಯಾರದೆಂದು ತಿಳಿಯುವ ಮೊದಲೇ ಒದೆ ಬಿದ್ದಿರುತ್ತದೆ. ಕುದುರೆ, ಕತ್ತೆ ನೇರ ಹಿಂದಕ್ಕೆ ಝಾಡಿಸಿದರೆ, ಹಸು ಹಿಂಗಾಲನ್ನು ಮುಂದಕ್ಕೆ ತಂದು ಪಕ್ಕಕ್ಕೂ ಬೀಸಬಲ್ಲದು. ಆದ್ದರಿಂದ ದನಿ ಮಾಡುತ್ತಾ ಭುಜದ ಕಡೆಯಿಂದ ಹತ್ತಿರವಾಗುವುದೇ ಸರಿ.

ನಮ್ಮ ಹಿರಿಯರು ಯಾವ ಪಾಠ ಓದಿ ದನ ಸಾಕಿದರು ಎಂದು ಕೇಳಬಹುದು. ಓದಲಿಲ್ಲ ನಿಜ, ಆದರೆ ಕಟ್ಟುಪಾಡು ಅವರಲ್ಲೂ ಇತ್ತು. ಎತ್ತಿಗೆ ಬೀಜ ಒಡೆಸುತ್ತಿದ್ದರು, ಮೂಗುದಾರ ಹಾಕುತ್ತಿದ್ದರು, ಕೊಟ್ಟಿಗೆಗೆ ಕಾಲಿಡುವಾಗ ಹೆಸರು ಹಿಡಿದು ಕರೆಯುತ್ತಿದ್ದರು. ಮೇಲಾಗಿ ಅದು ಹುಟ್ಟಿದಂದಿನಿಂದ ಕಂಡ ಪ್ರಾಣಿ. ಗೋಶಾಲೆಯ ದನದ ಹಿಂದಿನ ಬದುಕು ಯಾರಿಗೂ ಗೊತ್ತಿಲ್ಲ. ಲಾರಿಯಲ್ಲಿ ತುಂಬಿ ತಂದಾಗ ಬೆದರಿದ್ದೋ, ಕೋಲಿನ ಪೆಟ್ಟು ತಿಂದದ್ದೋ ಇರಬಹುದು. ಹೀಗಿದ್ದರೆ ಯಾರೂ ಮುಟ್ಟದಂತೆ ಮಾಡಿದರಾಯಿತಲ್ಲ ಎಂಬ ಇನ್ನೊಂದು ವಾದವೂ ನಿಲ್ಲುವುದಿಲ್ಲ. ಭಯ ತರುವುದು ಮುಟ್ಟುವಿಕೆಯಲ್ಲ, ಒರಟುತನ. ಒರಟಾಗಿ ನಡೆಸಿಕೊಂಡ ಹಂದಿ, ಹಸುಗಳಲ್ಲಿ ಭಯ ಹೆಚ್ಚುತ್ತದೆ, ಬೆಳವಣಿಗೆಯೂ ಹಾಲೂ ಕುಗ್ಗಬಹುದು ಎಂದು ಆಸ್ಟ್ರೇಲಿಯದ ಸಂಶೋಧಕ ಪಾಲ್ ಹೆಮ್ಸ್‌ವರ್ತ್ ಮತ್ತು ಸಂಗಡಿಗರು ತೋರಿಸಿಕೊಟ್ಟಿದ್ದಾರೆ. ಮನುಷ್ಯರ ಒಡನಾಟವೇ ಇಲ್ಲದ ದನ ಲಸಿಕೆ ಹಾಕಲು, ಗೊರಸು ಕತ್ತರಿಸಲು ಹೋದ ದಿನ ಬೆದರಿ ತಾನೂ ಗಾಯಗೊಳ್ಳುತ್ತದೆ, ವೈದ್ಯರನ್ನೂ ಗಾಯಗೊಳಿಸುತ್ತದೆ. ಮುಟ್ಟುವ ಕೈ ಬೇಕು, ಅದು ದಿನವೂ ಬರುವ ಪರಿಚಾರಕರದಾಗಿರಲಿ. ಭೇಟಿಗೆ ಬಂದವರು ಬೇಲಿಯ ಈಚೆ ನಿಂತು, ಹಸು ತಾನಾಗಿ ಮೂತಿ ಚಾಚಿದರೆ ಕುತ್ತಿಗೆ ಸವರಲಿ, ಅಷ್ಟು ಸಾಕು.

ತಿನಿಸಿನ ವಿಷಯದಲ್ಲೂ ಪ್ರೀತಿ ಹದ್ದು ಮೀರುತ್ತದೆ. ಹಬ್ಬದ ಮರುದಿನ ಬಕೆಟ್‌ಗಟ್ಟಲೆ ಅನ್ನ, ಪಾಯಸ ತಂದು ಸುರಿಯುವವರಿದ್ದಾರೆ. ಒಮ್ಮೆಲೇ ಅಷ್ಟು ಪಿಷ್ಟ ಸೇರಿದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ, ಮೆಲುಕು ನಿಂತು, ದನ ಸತ್ತೇ ಹೋಗಬಹುದು. ಪುಣ್ಯ ಬೇಕೆಂದಿದ್ದರೆ ಒಂದು ಗಾಡಿ ಹಸಿ ಮೇವಿನ ದುಡ್ಡು ಕೊಟ್ಟು ಬರಲಿ. ಸೋಂಕಿನ ಎಚ್ಚರವೂ ಬೇಕು. ಕಂದು ಹಾಕಿದ ಹಸುವಿನ ಸತ್ತೆ ಅಥವಾ ಕರುವನ್ನು ಬರಿಗೈಯಲ್ಲಿ ಮುಟ್ಟಬಾರದು, ಹಸಿ ಹಾಲು ಕುಡಿಯಬಾರದು. ದನದಿಂದ ಮನುಷ್ಯರಿಗೆ ಬ್ರುಸೆಲ್ಲೋಸಿಸ್ ರೋಗ ಹರಡುವ ದಾರಿಗಳಿವು. ಗೋಶಾಲೆಯಲ್ಲಿರುವ ನಾಯಿಯೋ ಬೆಕ್ಕೋ ಕಚ್ಚಿದರೆ, ಪರಚಿದರೆ, ಅದು ಎಷ್ಟೇ ಸಾಧುವಾಗಿದ್ದರೂ, ಗಾಯವನ್ನು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಬೇಕು.